ಹಿತ್ತಲ ಮದ್ದಿನ ಸೊಪ್ಪುಗಳು: ಅವುಗಳ ಬೇಸಾಯ ಮತ್ತು ನಿತ್ಯದ ಅಡಿಗೆಯಲ್ಲಿ ಉಪಯೋಗ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯು ಕನ್ನಡ ನಾಡಿನ ಎಲ್ಲ ಗ್ರಾಮಗಳಲ್ಲಿಯೂ ಬಳಕೆಯಲ್ಲಿದೆ. ಕೈಗೆ ಎಟುಕುವ ವಸ್ತುವಿಗೆ ಜನರು ಬೆಲೆ ಕೊಡುವುದಿಲ್ಲವೆಂಬುದು ಅದರ ತಾತ್ಪರ್ಯ. ಆದರೆ ಈಚಿನ ಸ್ಥಿತಿಯನ್ನು ನೋಡಿದರೆ ಗಾದೆಯೇ ನಿರರ್ಥಕವಾಗುವಂತೆ ತೋರುತ್ತದೆ. ಮದ್ದಲ್ಲವೆಂದು ಹೇಳುವುದಕ್ಕಾದರೂ ಅನೇಕ ಮನೆಗಳ ಹಿತ್ತಲಲ್ಲಿ ಗಿಡವೇ ಇಲ್ಲ.

ಹಿಂದಿನ ಕಾಲದಲ್ಲಿ ಮೈದಾನ ಸೀಮೆಯ ಹೆಂಗಸರು ರಾಗಿ ಹೊಲದಲ್ಲಿ ಕಳೆ ತೆಗೆಯಲು ಹೋದರೆ ಸಂಜೆ ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ. ಅಣ್ಣೆ, ಹೊನಗೊನೆ, ಗಣಿಕೆ, ಗೋಣಿ, ಕಿರಕಸಾಲೆ ಮೊದಲಾದ ಹತ್ತಾರು ಬಗೆಯ ಸೊಪ್ಪು ಮಡಿಲು ತುಂಬ ಇರುತ್ತಿದ್ದಿತು. ಇದನ್ನೇ ಬೆರಕೆ ಸೊಪ್ಪೆಂದು ಕರೆದು, ಬೇಳೆಯೊಡನೆ ಬೇಯಿಸಿ ಮಸೆದು, ಮುದ್ದೆಯೊಡನೆ ಉಣ್ಣುತ್ತಿದ್ದರು. ಮಲೆನಾಡಿನಲ್ಲಿ ಅಡಿಕೆ ತೋಟದ ಬಸಿಗಾಲುವೆಯ ಅಂಚಿನಿಂದ ಒಂದೆಲಗವನ್ನು ಕಿತ್ತು ತಂದು ತಂಬುಳಿ ಮಾಡುತ್ತಿದ್ದರು. ಇವುಗಳಿಗೆ ಯಾರೂ ಬೀಜ ಬಿತ್ತಿದವರಲ್ಲ, ಕಾಸು ಕೊಟ್ಟವರೂ ಅಲ್ಲ. ಈಗ ಬೇಲಿಸಾಲುಗಳು ಕಡಿಮೆಯಾಗಿವೆ. ಕೂಲಿಯ ದರವು ಏರಿದುದರಿಂದ ಕಳೆನಾಶಕ ಔಷಧಿಗಳನ್ನು ಸಿಂಪಡಿಸುವುದು ಬಹುಮಟ್ಟಿಗೆ ರೂಢಿಗೆ ಬಂದಿದೆ. ಹಾಗೆ ಸಿಂಪಡಿಸಿದ ಹೊಲದ ಬದುವಿನಲ್ಲಿ ಹಸಿರಾಗಿ ಉಳಿದಿರುವ ಸೊಪ್ಪು ಕಣ್ಣಿಗೆ ಚೆನ್ನಾಗಿ ಕಂಡರೂ ಮಡಕೆಗೆ ಹಾಕತಕ್ಕದ್ದಲ್ಲ. ಹೊಲವು ಕೊಡುತ್ತಿದ್ದುದನ್ನು ಇನ್ನು ಹಿತ್ತಲೇ ಕೊಡಬೇಕಾಗಿದೆ. ಈ ಬದಲಾವಣೆಯನ್ನು ಗ್ರಾಮಸ್ಥರು ಗಮನಕ್ಕೆ ತಂದುಕೊಳ್ಳದೆ ಹೋದರೆ ಸೊಪ್ಪು ಊಟದಿಂದಲೇ ಮಾಯವಾಗುವುದು. ಅದರ ನಷ್ಟವು ಮೊದಲು ತಟ್ಟುವುದು ಮಕ್ಕಳಿಗೆ ಮತ್ತು ಬಸುರಿ ಬಾಣಂತಿಯರಿಗೆ.

ಸೊಪ್ಪಿನ ಅವಶ್ಯಕತೆ

ಕತ್ತಲಾದ ಮೇಲೆ ಕೆಲವು ಮಕ್ಕಳು ತಡವರಿಸುವುದನ್ನು ಹಳ್ಳಿಗಳಲ್ಲಿ ಇರುಳುಗಣ್ಣೆಂದು ಹೇಳುತ್ತಾರೆ. ಇದು ದೃಷ್ಟಿದೋಷವೂ ಅಲ್ಲ, ಗ್ರಹಚಾರವೂ ಅಲ್ಲ; ಎ ಜೀವಸತ್ವದ ಕೊರತೆ. ಅಲಕ್ಷ್ಯ ಮಾಡಿದರೆ ಕಣ್ಣಿನ ಗುಡ್ಡೆಯು ಒಣಗಿ ಹುಣ್ಣಾಗಿ, ಕಣ್ಣೇ ಹೋಗುವುದುಂಟು. ಈ ಕಾರಣದಿಂದಲೇ ಭಾರತದಲ್ಲಿ 1970ನೆಯ ಇಸವಿಯಿಂದ ಚಿಕ್ಕ ಮಕ್ಕಳಿಗೆ ಈ ಜೀವಸತ್ವದ ದ್ರಾವಣವನ್ನು ಕುಡಿಸುವ ಏರ್ಪಾಡು ನಡೆದು ಬಂದಿದೆ. ಹಸಿರು ಸೊಪ್ಪುಗಳಲ್ಲಿ ಈ ಜೀವಸತ್ವದ ಮೂಲವಸ್ತುವು ಹೇರಳವಾಗಿದೆ. ನುಗ್ಗೆ, ಕರಿಬೇವು, ಹೊನಗೊನೆ, ಕೊತ್ತಂಬರಿಗಳು ಈ ವಿಷಯದಲ್ಲಿ ಮುಂದಾಳುಗಳು. ಇದಲ್ಲದೆ ಸುಣ್ಣದ ಅಂಶ, ಕಬ್ಬಿಣದ ಅಂಶ, ನಾರು ಇವುಗಳೂ ಸೊಪ್ಪಿನಿಂದ ದೊರೆಯುತ್ತವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರಡಿಸಿದ ಆಹಾರ ಸೂಚನೆಗಳಲ್ಲಿ, ಬೆಳೆದ ಮನುಷ್ಯನು ದಿನವೊಂದಕ್ಕೆ ತಿನ್ನತಕ್ಕ ತರಕಾರಿಗಳ ಪೈಕಿ 100 ಗ್ರಾಂನಷ್ಟು ಹಸಿರು ಸೊಪ್ಪು ಇರಬೇಕೆಂದು ತಿಳಿಸಿದೆ. ಪೇಟೆಯಿಂದ ವಾರಕ್ಕೊಮ್ಮೆ ಸಂತೆಯಲ್ಲಿ ತರುವ ಎರಡು ಕಂತೆಗಳಿಂದ ಇಷ್ಟು ಸೊಪ್ಪು ಒಂದು ಮನೆಗೆ ಒದಗಲಾರದು.

ಆದಕಾರಣ ಇಲ್ಲಿ ವಿವರಿಸತಕ್ಕ ಗಿಡಗಳನ್ನು ರೋಗ ಬಂದಾಗ ಹುಡುಕುವ ಔಷಧಿಗಳೆಂದು ಭಾವಿಸದೆ, ದಿನವೂ ಎಲೆಯ ಮೇಲೆ ಬೀಳತಕ್ಕ ಆಹಾರವೆಂದು ಭಾವಿಸುವುದು ಲೇಸು. ಶೀತಕ್ಕೆ ಇಂತಹದು, ಅಜೀರ್ಣಕ್ಕೆ ಇಂತಹದು ಎಂದು ಮನೆಯ ಹಿರಿಯ ಹೆಂಗಸರು ಬಲ್ಲರು. ಅವರ ತಿಳಿವಳಿಕೆಗೆ ಗೌರವ ಸಲ್ಲತಕ್ಕದ್ದೇ. ಆದರೆ ತಿಂಗಳಿಗೊಮ್ಮೆ ಕುಡಿದ ಕಷಾಯಕ್ಕಿಂತ ವಾರಕ್ಕೆ ನಾಲ್ಕು ದಿನ ಉಂಡ ಸೊಪ್ಪಿನ ಸಾರು ಹೆಚ್ಚು ಕೆಲಸ ಮಾಡುವುದು.

ಸ್ಥಳ, ಮಣ್ಣು ಮತ್ತು ನೀರು

ಕಾಲು ಗುಂಟೆಗಿಂತ ಹೆಚ್ಚಿನ ಸ್ಥಳವು ಬೇಕಾಗಿಲ್ಲ. ಹದಿನಾರು ಅಡಿ ಚೌಕದ ಜಾಗವು ಐದಾರು ಜನರಿರುವ ಸಂಸಾರಕ್ಕೆ ಮದ್ದಿನ ಸೊಪ್ಪು, ಸಂಬಾರ ಬೇರುಗಳನ್ನು ಒದಗಿಸಬಲ್ಲದು. ಅಡಿಗೆಮನೆಯ ಬಾಗಿಲಿಗೆ ಹತ್ತಿರವಿದ್ದಷ್ಟೂ ಒಳ್ಳೆಯದು; ಒಲೆಯ ಮೇಲೆ ಪಾತ್ರೆಯಿಟ್ಟು ನಾಲ್ಕು ಹೆಜ್ಜೆ ನಡೆದು ಕೊಯ್ದು ತರುವಂತಿಲ್ಲದಿದ್ದರೆ ಗಿಡವಿದ್ದೂ ಉಪಯೋಗಕ್ಕೆ ಬರುವುದಿಲ್ಲ. ಕೋಳಿ, ಕರು, ಆಡುಗಳು ನುಗ್ಗದಂತೆ ಮುಳ್ಳಿನ ಬೇಲಿಯನ್ನಾಗಲಿ ಬಿದಿರಿನ ತಡಿಕೆಯನ್ನಾಗಲಿ ಕಟ್ಟತಕ್ಕದ್ದು. ನೆಲವನ್ನು ಒಂದು ಅಡಿ ಆಳಕ್ಕೆ ಅಗೆದು, ಕಲ್ಲು ಬೇರುಗಳನ್ನು ಆರಿಸಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರವನ್ನು ಎರಡು ಅಂಗುಲ ದಪ್ಪ ಹರಡಿ ಬೆರಸಬೇಕು. ಹಸಿ ಸಗಣಿಯನ್ನು ಸೊಪ್ಪಿನ ಮಡಿಗೆ ಹಾಕಕೂಡದು. ಅದರಲ್ಲಿರುವ ಕ್ರಿಮಿಗಳು ಎಲೆಗೆ ಅಂಟಿ, ಅರೆದು ಕುಡಿಯುವವರ ಹೊಟ್ಟೆಯನ್ನು ಸೇರುತ್ತವೆ.

ನೀರಿನ ವಿಷಯದಲ್ಲಿ ವಿಶೇಷವಾಗಿ ಹೇಳಬೇಕಾದುದಿದೆ. ಬಚ್ಚಲ ನೀರನ್ನು ಹಿತ್ತಲಿಗೆ ಹರಿಸುವುದು ಪೂರ್ವದಿಂದಲೂ ಬಂದ ಮಿತವ್ಯಯದ ಪದ್ಧತಿ. ಅದನ್ನು ಬಿಡಬೇಕೆಂದು ಯಾರೂ ಹೇಳಲಾರರು. ಆದರೆ ಸೀಗೆಪುಡಿ, ಕಡಲೆಹಿಟ್ಟುಗಳಿಂದ ಮೈ ತೊಳೆಯುತ್ತಿದ್ದ ಕಾಲದ ನೀರು ಬೇರೆ, ಸಾಬೂನು ಮತ್ತು ಬಟ್ಟೆ ಒಗೆಯುವ ಪುಡಿಗಳನ್ನು ಬಳಸುವ ಕಾಲದ ನೀರು ಬೇರೆ. ಈ ನೀರು ದಿನವೂ ಒಂದೇ ಕಡೆ ನಿಂತರೆ ಮಣ್ಣು ಚೌಳಾಗಿ ಗಟ್ಟಿಯಾಗುವುದು. ಆದುದರಿಂದ ಬಚ್ಚಲಿನ ಕಾಲುವೆಯನ್ನು ಬಾಳೆ, ತೆಂಗು, ನುಗ್ಗೆಗಳ ಕಡೆಗೆ ತಿರುಗಿಸಿ, ಒಂದೆಲಗ, ದೊಡ್ಡಪತ್ರೆ, ಪುದೀನ ಮುಂತಾಗಿ ನೆಲಕ್ಕೆ ಅಂಟಿ ಬೆಳೆಯುವ ಮತ್ತು ಹಸಿಯಾಗಿ ಅರೆಯುವ ಸೊಪ್ಪುಗಳಿಗೆ ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಹಾಕತಕ್ಕದ್ದು. ಒಂದು ಮನೆಯಲ್ಲಿ ದಿನವೂ ಎರಡು ಮೂರು ಬಿಂದಿಗೆಯಷ್ಟು ಇಂತಹ ನೀರು ಸುಮ್ಮನೆ ಚೆಲ್ಲಿಹೋಗುತ್ತದೆ. ಪಾಯಿಖಾನೆಯ ಗುಂಡಿಯಿಂದ ಈ ಮಡಿಗಳು ದೂರವಿರಬೇಕೆಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಒಂದೆಲಗ

ಕರಾವಳಿಯಲ್ಲಿ ತಿಮರೆಯೆಂತಲೂ, ಕೆಲವು ಕಡೆ ಇಲಿಕಿವಿಯೆಂತಲೂ ಇದಕ್ಕೆ ಹೆಸರು. ಬ್ರಾಹ್ಮಿಯೆಂದು ಕರೆಯುವುದೂ ಉಂಟು. ಆದರೆ ದಪ್ಪನೆಯ ಸಣ್ಣ ಎಲೆಯ ನೀರುಬ್ರಾಹ್ಮಿಯು ಬೇರೆ ಜಾತಿಯ ಗಿಡ. ಒಂದೆಲಗದ ಎಲೆಯು ಮೂತ್ರಪಿಂಡದ ಆಕಾರದಲ್ಲಿದ್ದು, ಅಂಚು ಹಲ್ಲುಹಲ್ಲಾಗಿದ್ದು, ಪ್ರತಿ ಎಲೆಯೂ ತನ್ನದೇ ಉದ್ದನೆಯ ತೊಟ್ಟಿನ ಮೇಲೆ ನಿಂತಿರುತ್ತದೆ. ನೆಲದ ಮೇಲೆ ಹರಿಯುವ ಕುಡಿಯು ಗೆಣ್ಣು ಗೆಣ್ಣಿಗೂ ಬೇರು ಬಿಡುವುದರಿಂದ, ಬೇರಿರುವ ಒಂದು ತುಂಡನ್ನು ಅರೆನೆರಳಿನ ತಂಪು ಮಡಿಯಲ್ಲಿ ಅರ್ಧ ಅಡಿಗೊಂದರಂತೆ ನೆಟ್ಟರೆ ಎರಡು ತಿಂಗಳೊಳಗೆ ನೆಲವನ್ನು ಮುಚ್ಚುವುದು. ತೇವವಿರಬೇಕು, ನೀರು ನಿಲ್ಲಬಾರದು. ಬೇಸಿಗೆಯಲ್ಲಿ ತೆಂಗಿನ ಗರಿಯ ನೆರಳು ಅವಶ್ಯಕ.

ಚರಂಡಿಯ ಅಂಚಿನಲ್ಲಿಯೂ ಒಂದೆಲಗವು ಸೊಂಪಾಗಿ ಬೆಳೆಯುತ್ತದೆ. ಎಲೆಯು ದೊಡ್ಡದಾಗಿಯೂ ಇರುತ್ತದೆ. ಅದನ್ನು ಕಿತ್ತು ತರುವುದು ಬಹಳ ತಪ್ಪು. ಇದನ್ನು ಸಾಮಾನ್ಯವಾಗಿ ಹಸಿಯಾಗಿ ಅರೆದು ಮಜ್ಜಿಗೆಯಲ್ಲಿ ಕಲಸುವುದರಿಂದ ಚರಂಡಿಯ ಕೊಳೆಯು ಬೇಯದೆಯೇ ಹೊಟ್ಟೆಗೆ ಹೋಗುತ್ತದೆ. ಜ್ಞಾಪಕಶಕ್ತಿ ಬರಲೆಂದು ಮಗುವಿಗೆ ಕೊಟ್ಟ ತಂಬುಳಿಯಿಂದ ಭೇದಿ ಹತ್ತುವುದು ಹೀಗೆಯೇ. ಜ್ಞಾಪಕಶಕ್ತಿಯ ಮಾತನ್ನು ಅಷ್ಟು ದೊಡ್ಡದಾಗಿ ಹಿಡಿಯಬೇಕಾಗಿಲ್ಲ. ರುಚಿಯೂ ತಂಪೂ ಇರುವ ಸೊಪ್ಪೆಂಬುದೇ ಸಾಕಾದ ಕಾರಣ.

ದೊಡ್ಡಪತ್ರೆ

ಸಾಂಬ್ರಾಣಿ ಸೊಪ್ಪೆಂದೂ ಪ್ರಸಿದ್ಧವಾದ ಇದನ್ನು ಬೆಳೆಸಲು ಬಾರದವರಿಲ್ಲ. ಗೇಣುದ್ದದ ಕುಡಿಯನ್ನು ಮುರಿದು ಚುಚ್ಚಿದರೆ ಚಿಗುರುತ್ತದೆ. ನೀರು ಹೆಚ್ಚಾದರೆ ಕಾಂಡವು ಕೊಳೆಯುವುದೊಂದೇ ಇದಕ್ಕಿರುವ ತೊಂದರೆ; ಮಳೆಗಾಲದಲ್ಲಿ ಸೂರಿನ ಕೆಳಗೆ ಒಡೆದ ಗಡಿಗೆಯೊಂದರಲ್ಲಿ ಒಂದು ಗಿಡವನ್ನು ಉಳಿಸಿಕೊಂಡರೆ ಮುಂದಿನ ವರ್ಷಕ್ಕೆ ಕುಡಿ ಸಿಕ್ಕುವುದು. ಹಳೆಯ ಗಿಡವು ಬುಡದಲ್ಲಿ ಬೋಳಾಗುವುದರಿಂದ ವರ್ಷಕ್ಕೊಮ್ಮೆ ಹೊಸದಾಗಿ ನೆಡುವುದು ಮೇಲು. ಎಲೆಯನ್ನು ಸ್ವಲ್ಪ ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿಯೊಡನೆ ಅರೆದು ಮಜ್ಜಿಗೆಗೆ ಬೆರಸಿದರೆ ತಂಬುಳಿಯಾಯಿತು. ಹುಣಸೆ ಬೆಲ್ಲಗಳೊಡನೆ ಗೊಜ್ಜಾಗುವುದು. ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಬೋಂಡವಾಗುವುದು. ಮೂರನೆಯದನ್ನು ಮಕ್ಕಳು ಹೆಚ್ಚಾಗಿ ಬಯಸುವರೆಂದು ಹೇಳಬೇಕಾಗಿಲ್ಲ.

ಶೀತವಾದ ಕೂಸಿಗೆ ಇದರ ರಸವನ್ನು ಜೇನುತುಪ್ಪದಲ್ಲಿ ತೇಯ್ದು ನೆಕ್ಕಿಸುವ ವಾಡಿಕೆಯಿದೆ. ಒಂದು ವರ್ಷ ತುಂಬದ ಶಿಶುವಿಗೆ ಜೇನುತುಪ್ಪವನ್ನು ಯಾವ ಕಾರಣಕ್ಕೂ ಕೊಡಕೂಡದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಕ್ರಿಮಿಯ ಬೀಜಾಣುಗಳು ಎಳೆಯ ಕರುಳಿನಲ್ಲಿ ಬೆಳೆದು, ಮಗುವಿನ ಅಂಗಾಂಗಗಳನ್ನು ಸೋಲಿಸುವಂತಹ ವಿಷವನ್ನುಂಟುಮಾಡಬಲ್ಲವು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಸಾಕು. ಸೊಪ್ಪಿನ ರಸವೂ ಬೇಡ.

ನುಗ್ಗೆ

ನುಗ್ಗೆಯನ್ನು ಮನೆಯ ಹತ್ತಿರ ನೆಡಬಾರದೆಂಬ ನಂಬಿಕೆಯು ಕೆಲವು ಗ್ರಾಮಗಳಲ್ಲಿದೆ. ಅದಕ್ಕೆ ದೆವ್ವದ ಕಾರಣವನ್ನು ಹುಡುಕಬೇಕಾಗಿಲ್ಲ. ಇದರ ಕೊಂಬೆಯು ಬಹಳ ಪೆಡಸು, ಹತ್ತಿದವನು ಬೀಳುವನು; ಮಳೆಗಾಲದಲ್ಲಿ ಕಂಬಳಿಹುಳುಗಳು ಬೊಡ್ಡೆಯ ಮೇಲೆ ಗುಂಪುಕಟ್ಟಿ ಗೋಡೆಯನ್ನೂ ಹತ್ತುವುವು. ಇವೆರಡಕ್ಕೂ ಸುಲಭವಾದ ಉಪಾಯವಿದೆ. ಮರವನ್ನು ಮೇಲಕ್ಕೆ ಬಿಡದೆ ಮೂರು ನಾಲ್ಕು ಅಡಿಯ ಎತ್ತರದಲ್ಲಿ ಕಡಿಯುತ್ತಾ ಬಂದರೆ ಪೊದೆಯಾಗಿ ಕವಲೊಡೆದು, ಹೆಂಗಸರು ನೆಲದ ಮೇಲೆ ನಿಂತೇ ಸೊಪ್ಪು ಕೊಯ್ಯಬಹುದು. ಹುಳುಗಳು ಹಗಲಿನಲ್ಲಿ ಬೊಡ್ಡೆಯ ಮೇಲೆ ಒತ್ತಾಗಿ ಕುಳಿತಿರುವಾಗ ಉದ್ದನೆಯ ಕೋಲಿಗೆ ಸುತ್ತಿದ ಪಂಜಿನಿಂದ ಸುಟ್ಟುಬಿಡಬೇಕು. ಸಿಂಪಡಿಸಿ ಕೊಲ್ಲುವ ವಿಷವನ್ನು ತಿನ್ನುವ ಸೊಪ್ಪಿಗೆ ಬಳಸಬಾರದು.

ನೆಡಲು ಮೂರು ನಾಲ್ಕು ಅಡಿ ಉದ್ದದ, ಮುಂಗೈ ಗಾತ್ರದ ಬಲಿತ ಕೊಂಬೆಯನ್ನು ಆರಿಸಿ, ಕೆಲವು ದಿನ ನೆರಳಿನಲ್ಲಿ ಆರಲು ಬಿಟ್ಟು, ಮೂರನೆಯ ಒಂದು ಭಾಗ ಮಣ್ಣಿನೊಳಗಿರುವಂತೆ ಹೂಳಬೇಕು. ಮೇಲಿನ ಕಡಿತಕ್ಕೆ ಸಗಣಿಯ ಉಂಡೆಯನ್ನು ಮೆತ್ತಿದರೆ ನೀರಿಳಿದು ಕೊಳೆಯುವುದಿಲ್ಲ. ಬೀಜದಿಂದ ಬೆಳೆಸುವವರಿಗೆ ತಮಿಳುನಾಡಿನ ಪೆರಿಯಕುಳಂ ತೋಟಗಾರಿಕೆ ಕಾಲೇಜಿನಲ್ಲಿ ಸಿದ್ಧವಾದ ಪಿ. ಕೆ. ಎಂ. 1 ಎಂಬ ತಳಿಯು ಪರಿಚಿತವಾಗಿದೆ. ಇದು ಆರು ತಿಂಗಳೊಳಗೇ ಹೂವಿಗೆ ಬರುತ್ತದೆ. ಸೊಪ್ಪಿಗಾಗಿಯೇ ಬೆಳೆಸುವುದಾದರೆ ಊರ ಮರದ ಕೊಂಬೆಯೇ ಸಾಕು.

ಕರಿಬೇವು

ಒಂದು ಬಾರಿ ನೆಟ್ಟರೆ ತಲೆಮಾರಿನವರೆಗೆ ಇರುವ ಗಿಡವಿದು. ಹಣ್ಣು ಕಪ್ಪಾದೊಡನೆ ತಿರುಳು ತೆಗೆದು ತೊಳೆದು ಕೂಡಲೇ ಬಿತ್ತಬೇಕು. ಕೆಲವು ವಾರ ಕಳೆದರೆ ಬೀಜವು ಮೊಳೆಯದು. ಹಳೆಯ ಗಿಡದ ಬುಡದ ಸುತ್ತ ಬೇರಿನಿಂದೇಳುವ ಮರಿಗಳನ್ನು ಮಳೆಗಾಲದಲ್ಲಿ ಕಿತ್ತು ನೆಡುವುದು ಇನ್ನೂ ಸುಲಭ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದವರು ಆರಿಸಿದ ಸುವಾಸಿನಿ ಎಂಬ ತಳಿಯು ಪರಿಮಳಕ್ಕೆ ಹೆಸರಾದುದು. ಮೊದಲ ವರ್ಷ ಎಲೆ ಕೀಳದೆ, ಗಿಡವು ಮೊಳಕಾಲೆತ್ತರ ಬಂದಾಗ ತುದಿಯನ್ನು ಚಿವುಟಿದರೆ ಕವಲೊಡೆಯುವುದು. ಹಳ್ಳಿಗಳಲ್ಲಿ ಹುಳಿಮಜ್ಜಿಗೆಯನ್ನು ಬುಡಕ್ಕೆ ಹೊಯ್ಯುತ್ತಾರೆ. ಇದರಿಂದ ಕೇಡೇನೂ ಇಲ್ಲ, ಆದರೆ ಗೊಬ್ಬರಕ್ಕೆ ಬದಲಾಗಲಾರದು.

ಸಾರಿನಲ್ಲಿ ಬಿದ್ದ ಕರಿಬೇವನ್ನು ಎತ್ತಿ ಎಲೆಯ ಅಂಚಿಗಿಡುವುದು ಎಲ್ಲರ ಅಭ್ಯಾಸ. ಪೋಷಕಾಂಶವೆಲ್ಲವೂ ಹೀಗೆ ಎಂಜಲೆಲೆಯೊಡನೆ ತಿಪ್ಪೆಗೆ ಹೋಗುತ್ತದೆ. ನೆರಳಿನಲ್ಲಿ ಒಣಗಿಸಿದ ಕರಿಬೇವನ್ನು ಬೇಳೆ, ಮೆಣಸಿನಕಾಯಿ, ಕೊಬ್ಬರಿಯೊಡನೆ ಹುರಿದು ಚಟ್ನಿಪುಡಿ ಮಾಡಿಟ್ಟರೆ ಮುದ್ದೆಗೂ ರೊಟ್ಟಿಗೂ ಒದಗುವುದು. ಬಿಸಿಲಿನಲ್ಲಿ ಒಣಗಿಸಿದರೆ ಬಣ್ಣವೂ ಜೀವಸತ್ವವೂ ಹಾಳಾಗುತ್ತವೆ. ನುಗ್ಗೆ ಸೊಪ್ಪಿಗೂ ಇದೇ ಕ್ರಮ.

ಶುಂಠಿ ಮತ್ತು ಅರಿಶಿನ

ಭರಣಿ ಅಥವಾ ಕೃತ್ತಿಕೆ ಮಳೆ ಬಿದ್ದ ಕೂಡಲೆ, ಎರಡು ಕಣ್ಣುಗಳುಳ್ಳ ಆರೋಗ್ಯವಾದ ಬೀಜದ ತುಂಡುಗಳನ್ನು ಏರುಮಡಿಯ ಮೇಲೆ ಮುಕ್ಕಾಲು ಅಡಿಗೊಂದರಂತೆ ಎರಡಂಗುಲ ಆಳದಲ್ಲಿ ಊರಿ, ಮೇಲೆ ಹಸಿ ಎಲೆಯ ಹೊದಿಕೆಯನ್ನು ಹಾಕಬೇಕು. ಶುಂಠಿಗೆ ಕೊಳೆರೋಗವು ಯಮನಂತೆ. ಒಂದೇ ಮಡಿಯಲ್ಲಿ ವರ್ಷ ವರ್ಷವೂ ನೆಡುವುದು, ನೀರು ನಿಲ್ಲಿಸುವುದು, ರೋಗ ತಗಲಿದ ಬೀಜವನ್ನು ಕೊಳ್ಳುವುದು ಇವು ಮೂರೂ ಅದಕ್ಕೆ ಆಹ್ವಾನ. ಎಲೆಗಳು ಹಳದಿಯಾಗಿ ಒಣಗಿದಾಗ, ಅಂದರೆ ಎಂಟು ತಿಂಗಳ ಮೇಲೆ, ಕೀಳಬಹುದು.

ಅರಿಶಿನದ ಕೊಂಬುಗಳನ್ನು ಕಿತ್ತ ಮೇಲೆ ತೊಳೆದು, ನೀರಿನಲ್ಲಿ ಮುಳುಗಿಸಿ, ನೊರೆಯೆದ್ದು ವಾಸನೆ ಬಂದು, ಹಂಚಿಕಡ್ಡಿಯು ಸುಲಭವಾಗಿ ಇಳಿಯುವವರೆಗೆ ಬೇಯಿಸಿ, ಹತ್ತು ಹದಿನೈದು ದಿನ ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಮುರಿದರೆ ಟಣ್ಣೆಂದು ಶಬ್ದವಾಗಬೇಕು. ಮನೆಯಲ್ಲಿ ಕುಟ್ಟಿದ ಪುಡಿಯು ಅಂಗಡಿಯ ಪುಡಿಯಷ್ಟು ಹೊಳೆಯುವುದಿಲ್ಲವೆಂದು ಯಾರೂ ಬೇಸರಪಡಬಾರದು. ಅರಿಶಿನಕ್ಕೆ ಹೊಳಪು ಬರಲೆಂದು ಸೀಸವುಳ್ಳ ಹಳದಿ ಬಣ್ಣವನ್ನು ತಿಕ್ಕುತ್ತಿದ್ದುದು ಬಂಗ್ಲಾದೇಶದಲ್ಲಿ 2019ರಲ್ಲಿ ಪ್ರಕಟವಾದ ಪರಿಶೋಧನೆಯಿಂದ ಹೊರಬಿದ್ದಿತು. ಸೀಸವು ಮಕ್ಕಳ ಬುದ್ಧಿಯ ಬೆಳವಣಿಗೆಯನ್ನು ಕುಂದಿಸುವ ವಿಷ. ಮನೆಯ ಮಡಿಯಲ್ಲಿ ನಾಲ್ಕು ಸಾಲು ಅರಿಶಿನವಿದ್ದರೆ ಆ ಭಯವಿಲ್ಲ.

ಇನ್ನುಳಿದವುಗಳ ಪೈಕಿ ಬಸಳೆಯ ಕುಡಿಯನ್ನು ಚಪ್ಪರದ ಬುಡದಲ್ಲಿ, ಹೊನಗೊನೆಯನ್ನು ನೀರಿನ ತೊಟ್ಟಿಯ ಪಕ್ಕದಲ್ಲಿ, ಪುದೀನವನ್ನು ಅರೆನೆರಳಿನಲ್ಲಿ ನೆಡಬಹುದು. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಮೆಂತ್ಯವು ತಿಂಗಳೊಳಗೆ ಕೊಯ್ಲಿಗೆ ಬರುವುದು. ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಬಿತ್ತುತ್ತಿದ್ದರೆ ಕೊರತೆಯಾಗದು.

ಅಡಿಗೆಯಲ್ಲಿ ಗಮನಿಸತಕ್ಕ ವಿಷಯಗಳು

ಸೊಪ್ಪನ್ನು ಹೆಚ್ಚಿದ ಮೇಲೆ ತೊಳೆಯುವುದರಿಂದಲೂ, ಬೇಯಿಸಿದ ನೀರನ್ನು ಬಸಿದು ಚೆಲ್ಲುವುದರಿಂದಲೂ ಸಾರವು ಹೋಗುತ್ತದೆ. ಮೊದಲು ಎರಡು ಮೂರು ನೀರಿನಲ್ಲಿ ತೊಳೆದು ಆಮೇಲೆ ಹೆಚ್ಚಬೇಕು. ಬಸಿದ ಕಟ್ಟಿನಿಂದ ಸಾರು ಮಾಡುವ ಬಸ್ಸಾರಿನ ಪದ್ಧತಿಯನ್ನು ಕಂಡುಹಿಡಿದವರು ಯಾರೋ ತಿಳಿಯದು, ಆದರೆ ಅವರು ಬಹಳ ಜಾಣರು. ಎ ಜೀವಸತ್ವದ ಮೂಲವಸ್ತುವು ಜಿಡ್ಡಿನಲ್ಲಿ ಕರಗಿದ ಹೊರತು ದೇಹಕ್ಕೆ ಸೇರದಾದುದರಿಂದ ಎಣ್ಣೆಯ ಒಗ್ಗರಣೆಯಾಗಲಿ ಒಂದು ಚಮಚ ತುಪ್ಪವಾಗಲಿ ಬೇಕೇ ಬೇಕು. ಬಡವರ ಮನೆಯಲ್ಲಿ ಹುಚ್ಚೆಳ್ಳಿನ ಎಣ್ಣೆಯೂ ಆಗಬಹುದು. ಸೊಪ್ಪಿನ ಕಬ್ಬಿಣದ ಅಂಶವನ್ನು ದೇಹವು ಕಷ್ಟದಿಂದ ಹೀರುತ್ತದೆ. ಊಟದಲ್ಲಿ ನಿಂಬೆಯ ಹುಳಿ ಅಥವಾ ನೆಲ್ಲಿಕಾಯಿ ಇದ್ದರೆ ಹೆಚ್ಚಾಗಿ ಹಿಡಿಯುವುದು. ಊಟದೊಡನೆಯೇ ಕಾಫಿ ಟೀ ಕುಡಿದರೆ ಕಡಿಮೆಯಾಗುವುದು. ಅರಿಶಿನದೊಡನೆ ಕಾಳುಮೆಣಸು ಸೇರುವುದು ಕೇವಲ ರುಚಿಗಾಗಿ ಅಲ್ಲ: 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಪರೀಕ್ಷಿಸಿದಾಗ, ಮೆಣಸಿನ ಸತ್ವವು ಜೊತೆಯಲ್ಲಿದ್ದರೆ ಅರಿಶಿನದ ಸತ್ವವು ಮನುಷ್ಯರ ರಕ್ತಕ್ಕೆ ಸುಮಾರು 20 ಪಟ್ಟು ಸೇರಿತೆಂದು ಕಂಡುಬಂದಿತು. ಮೆಣಸಿನ ಸಾರನ್ನು ಮಾಡುವವರು ಇದನ್ನು ಅರಿಯದೆಯೇ ಮಾಡುತ್ತ ಬಂದಿದ್ದಾರೆ.

ಎಚ್ಚರಿಕೆಗಳು

ಒಳ್ಳೆಯದೆಂದು ಕೇಳಿ ಅತಿಯಾಗಿ ಸೇವಿಸುವುದು ಈಚಿನ ಪಿಡುಗು. ಚಕ್ರಮುನಿ ಸೊಪ್ಪನ್ನು ಬೇಯಿಸಿ ಅಪರೂಪಕ್ಕೊಮ್ಮೆ ತಿಂದವರಿಗೆ ತೊಂದರೆಯಾದುದು ಕಡಿಮೆ. ಆದರೆ 1995ರ ಸುಮಾರಿನಲ್ಲಿ ತೈವಾನ್ ದ್ವೀಪದಲ್ಲಿ ಮೈ ಇಳಿಸಲೆಂದು ಅದರ ಹಸಿ ರಸವನ್ನು ದಿನವೂ ಕುಡಿದ ಅನೇಕರಿಗೆ ಶ್ವಾಸಕೋಶವು ಮತ್ತೆ ಸರಿಹೋಗದಂತೆ ಕೆಟ್ಟಿತು, ಕೆಲವರು ಸತ್ತರು. ಅಮೃತಬಳ್ಳಿಯ ಕಷಾಯವನ್ನು 2020 ಮತ್ತು 2021ರ ಸಾಂಕ್ರಾಮಿಕದ ಕಾಲದಲ್ಲಿ ತಿಂಗಳುಗಟ್ಟಲೆ ಕುಡಿದವರ ಪೈಕಿ ಕೆಲವರಿಗೆ ಯಕೃತ್ತು ಊದಿ ಕಾಮಾಲೆಯಾದುದನ್ನು ಮುಂಬಯಿಯ ವೈದ್ಯರು ಪ್ರಕಟಿಸಿದ್ದಾರೆ. ಅಡಿಗೆಯ ಪ್ರಮಾಣವೇ ಸರಿಯಾದ ಪ್ರಮಾಣ. ಮೂತ್ರದಲ್ಲಿ ಕಲ್ಲಾಗುವ ಪ್ರಕೃತಿಯವರು ಬಸಳೆಯನ್ನು ಮಿತವಾಗಿ, ಮೊಸರು ಮಜ್ಜಿಗೆಗಳೊಡನೆ ತಿನ್ನಬೇಕು. ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ, ಸಿಹಿಮೂತ್ರಕ್ಕೆ ಗುಳಿಗೆ ನುಂಗುವವರೂ ಸೊಪ್ಪು ಮೆಂತ್ಯಗಳನ್ನು ಇದ್ದಕ್ಕಿದ್ದಂತೆ ಹೆಚ್ಚಿಸದೆ ವೈದ್ಯರನ್ನು ಕೇಳತಕ್ಕದ್ದು. ಗುರುತು ಸಂಶಯವಿರುವ ಸೊಪ್ಪನ್ನು ಬಲ್ಲವರಿಗೆ ತೋರಿಸದೆ ಒಲೆಗೆ ಏರಿಸಬಾರದು.

ಇರುಳುಗಣ್ಣು ಕಂಡ ಮಗುವನ್ನು, ಕಣ್ಣು ಹಳದಿಯಾದವರನ್ನು, ಬಿಳಿಚಿಕೊಂಡ ಬಸುರಿಯನ್ನು, ಹಾವು ಕಡಿದವರನ್ನು ಮನೆಯಲ್ಲಿ ಇಟ್ಟುಕೊಂಡು ಸೊಪ್ಪು ಅರೆಯುತ್ತಾ ಹೊತ್ತು ಕಳೆಯುವುದು ಪ್ರಾಣಕ್ಕೆ ಸಂಚಕಾರ. ಮೊದಲು ಆಸ್ಪತ್ರೆ. ಬಸುರಿಗೆ ಕೊಟ್ಟ ಕಬ್ಬಿಣದ ಗುಳಿಗೆಗಳನ್ನು ಸೊಪ್ಪು ತಿನ್ನುತ್ತೇವೆಂದು ನಿಲ್ಲಿಸಕೂಡದು, ಎರಡೂ ಬೇಕು.

ಗ್ರಾಮದ ಯಜಮಾನರು ಮಾಡಬಹುದಾದುದು

ಭೂಮಿಯುಳ್ಳವರ ಹಿತ್ತಲಲ್ಲಿ ಜಾಗವಿರುತ್ತದೆ, ಕೂಲಿಕಾರರ ಮನೆಯ ಹಿಂದೆ ಇರುವುದಿಲ್ಲ. ಹೊಲದ ಸೊಪ್ಪನ್ನು ನಂಬಿದ್ದವರೂ ಅವರೇ. ಆದುದರಿಂದ ಹಿಡುವಳಿದಾರರು ತಮ್ಮ ಹೊಲಗಳ ಒಂದು ಬದುವನ್ನಾದರೂ ಸಿಂಪಡಿಸದೆ ಬಿಟ್ಟು, ಇಂತಹ ಬದುವಿನಲ್ಲಿ ಸೊಪ್ಪು ಕೊಯ್ಯಬಹುದೆಂದು ಊರಿಗೆ ತಿಳಿಸಬೇಕು. ಸಿಂಪಡಿಸಿದ ಹೊಲಕ್ಕೆ ಕೋಲಿಗೆ ಬಟ್ಟೆ ಕಟ್ಟಿ ಗುರುತಿಡಬೇಕು. ಪಾಠಶಾಲೆಯ ಅಥವಾ ಅಂಗನವಾಡಿಯ ಬಾವಿಕಟ್ಟೆಯ ಹತ್ತಿರ ಒಂದು ಮಡಿ ಒಂದೆಲಗ, ಎರಡು ನುಗ್ಗೆ, ಒಂದು ಕರಿಬೇವುಗಳನ್ನು ಬೆಳೆಸಿದರೆ ಮಕ್ಕಳ ಮಧ್ಯಾಹ್ನದ ಊಟಕ್ಕೂ, ಊರವರಿಗೆ ಬೇಕಾದ ಕುಡಿ ಮರಿಗಳಿಗೂ ಆಗುವುದು. ಗಡಿಗೆಯಲ್ಲಿ ಬೆಳೆಯತಕ್ಕ ದೊಡ್ಡಪತ್ರೆ, ಪುದೀನಗಳನ್ನು ಜಾಗವಿಲ್ಲದ ಮನೆಗಳಿಗೆ ಮೊದಲು ಹಂಚಬೇಕು. ಕುಡಿಗಳನ್ನು ಮುಂಗಾರು ಹಿಡಿದ ಮೇಲೆ, ಮೋಡ ಮುಚ್ಚಿದ ದಿನದ ಸಂಜೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ, ಅಂದೇ ನೆಡಲು ಕೊಟ್ಟರೆ ಬಹುತೇಕ ಎಲ್ಲವೂ ಹಿಡಿಯುತ್ತವೆ.